ಓಡಿದವರು ಎಲ್ಲಿ? ಒಂದು ರೇಡಿಯೋ ನಾಟಕದ ಪ್ರಕರಣ

1938ರ ಅಕ್ಟೋಬರ್ 30, ಭಾನುವಾರ ರಾತ್ರಿ. ಅಮೆರಿಕದ ಸಿ. ಇ. ಹೂಪರ್ ಎಂಬ ಸಮೀಕ್ಷೆ ಕಂಪನಿಯವರು ಎಂದಿನಂತೆ ಮನೆಮನೆಗೆ ಫೋನ್ ಮಾಡುತ್ತಿದ್ದರು. ಯಾವ ಕಾರ್ಯಕ್ರಮಕ್ಕೆ ಎಷ್ಟು ಕೇಳುಗರಿದ್ದಾರೆ ಎಂದು ಜಾಹೀರಾತುದಾರರಿಗೆ ಲೆಕ್ಕ ಕೊಡುವುದು ಅವರ ಕಸುಬು. ಕೇಳುತ್ತಿದ್ದದ್ದು ಸರಳ ಪ್ರಶ್ನೆ: ರೇಡಿಯೋದಲ್ಲಿ ಈಗ ಏನು ಕೇಳುತ್ತಿದ್ದೀರಿ? ಆ ರಾತ್ರಿ ಸುಮಾರು 5,000 ಮನೆಗಳನ್ನು ವಿಚಾರಿಸಿದರು. ಆರ್ಸನ್ ವೆಲ್ಸ್ ಅವರ ನಾಟಕ ಕೇಳುತ್ತಿದ್ದೇವೆ ಎಂದವರು ನೂರಕ್ಕೆ ಇಬ್ಬರು. ವಾರ್ತೆ ಕೇಳುತ್ತಿದ್ದೇವೆ ಎಂದವರು ಒಬ್ಬರೂ ಇಲ್ಲ.

ಇದೇ ರಾತ್ರಿಯ ಬಗ್ಗೆ ನಾವೆಲ್ಲ ಕೇಳಿರುವ ಕತೆಯೇ ಬೇರೆ. ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡಿದರು ಅನ್ನುವ ರೇಡಿಯೋ ನಾಟಕವನ್ನು ಜನ ನಿಜವೆಂದೇ ನಂಬಿದರಂತೆ. ಲಕ್ಷಾಂತರ ಜನ ಬೀದಿಗೆ ಓಡಿ ಬಂದರಂತೆ. ಹೆದ್ದಾರಿಗಳು ಕಾರುಗಳಿಂದ ಕಟ್ಟಿಹೋದವಂತೆ. ಯಾರೋ ಎದೆ ಒಡೆದು ಸತ್ತರಂತೆ. ಪತ್ರಿಕೋದ್ಯಮ ಓದಿದವರಿಗಂತೂ ಈ ಕತೆ ತರಗತಿಯಲ್ಲೇ ಸಿಕ್ಕಿರುತ್ತದೆ. ಹೊಸ ಮಾಧ್ಯಮದ ಶಕ್ತಿ ಎಂಥದ್ದು ನೋಡಿ ಅನ್ನುವುದಕ್ಕೆ ಮೇಷ್ಟ್ರು ಕೊಡುವ ಉದಾಹರಣೆಯೇ ಇದು.

ನೂರಕ್ಕೆ ಎರಡು ಮನೆಯವರು ಕೇಳಿದ ನಾಟಕಕ್ಕೆ ಇಡೀ ದೇಶ ಹೇಗೆ ಓಡುತ್ತದೆ? ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಆ ರಾತ್ರಿ ಸ್ವಲ್ಪ ಜನ ನಿಜಕ್ಕೂ ಹೆದರಿದರು. ದೇಶ ಹೆದರಲಿಲ್ಲ. ದೇಶ ಹೆದರಿತು ಅನ್ನುವ ಕತೆ ಹುಟ್ಟಿದ್ದು ಮರುದಿನದ ಪೇಪರುಗಳಲ್ಲಿ. ಆಮೇಲೆ ಅದನ್ನು ಸಾಕಿ ಬೆಳೆಸಿದವರು ಬಹಳ ಜನ.

ಆ ಒಂದು ಗಂಟೆ

ನಾಟಕ ಬಂದದ್ದು ಸಿಬಿಎಸ್ ರೇಡಿಯೋದಲ್ಲಿ, ನ್ಯೂಯಾರ್ಕ್ ಸಮಯ ರಾತ್ರಿ ಎಂಟಕ್ಕೆ. ಮಾಡಿದ್ದು ಮರ್ಕ್ಯುರಿ ಥಿಯೇಟರ್ ತಂಡ. ಅದರ ಮುಂದಾಳು ಆರ್ಸನ್ ವೆಲ್ಸ್‌ಗೆ ಆಗ 23 ವರ್ಷ. ಮೂಲ ಕಾದಂಬರಿ 'ದಿ ವಾರ್ ಆಫ್ ದಿ ವರ್ಲ್ಡ್ಸ್' 1898ರದ್ದು, ಬರೆದವರು ಎಚ್. ಜಿ. ವೆಲ್ಸ್. (ಹೆಸರು ಒಂದೇ ಥರ ಕೇಳಿಸುತ್ತದೆ ಅಷ್ಟೇ, ನೆಂಟಸ್ತನ ಏನೂ ಇಲ್ಲ.) ಕಾದಂಬರಿ ನಡೆಯುವುದು ಇಂಗ್ಲೆಂಡಿನಲ್ಲಿ. ಅದನ್ನು ರೇಡಿಯೋಗೆ ಹೊಂದಿಸಿ ಬರೆದ ಹೊವಾರ್ಡ್ ಕಾಚ್ ನ್ಯೂಜೆರ್ಸಿಯ ರಸ್ತೆ ನಕ್ಷೆ ಹರಡಿಕೊಂಡು, ಕಣ್ಣು ಮುಚ್ಚಿ ಪೆನ್ಸಿಲ್ ಊರಿದರಂತೆ. ಮೊನೆ ಬಿದ್ದದ್ದು ಗ್ರೋವರ್ಸ್ ಮಿಲ್ ಅನ್ನುವ ಪುಟ್ಟ ಊರಿನ ಮೇಲೆ. ಮಂಗಳದವರನ್ನು ಅಲ್ಲಿಯೇ ಇಳಿಸಿದರು.

ನಾಟಕ ಹೆಣೆದ ರೀತಿಯಲ್ಲಿ ಜಾಣತನ ಇತ್ತು. ಹೋಟೆಲಿನಿಂದ ನೇರ ಪ್ರಸಾರ ಅನ್ನುವ ಹಾಗೆ ವಾದ್ಯಗೋಷ್ಠಿ ನಡೆಯುತ್ತಿರುತ್ತದೆ. ನಡುವೆ ಉದ್ಘೋಷಕ ಬಂದು, ಮಂಗಳ ಗ್ರಹದ ಮೇಲೆ ಸ್ಫೋಟ ಕಂಡಿದೆ ಎನ್ನುತ್ತಾನೆ. ಮತ್ತೆ ಸಂಗೀತ. ಮತ್ತೆ ಸುದ್ದಿ. ಆಮೇಲೆ ವರದಿಗಾರ ಹೊಲದಿಂದಲೇ ಮಾತಾಡುತ್ತಾನೆ, ಬಿದ್ದ ಕೊಳವೆಯಂಥ ವಸ್ತುವನ್ನು ಕಂಡಂತೆ ಕಂಡಂತೆ ಬಣ್ಣಿಸುತ್ತಾನೆ. ಈ ಪಾತ್ರ ಮಾಡಿದ ಫ್ರಾಂಕ್ ರೀಡಿಕ್ ಅದಕ್ಕೆ ಮೊದಲು ಹಿಂಡೆನ್‌ಬರ್ಗ್ ದುರಂತದ ರೆಕಾರ್ಡಿಂಗ್ ಹಾಕಿಕೊಂಡು ಕೇಳಿದ್ದರು. 1937ರ ಮೇ ತಿಂಗಳಲ್ಲಿ ಆ ದೈತ್ಯ ವಾಯುನೌಕೆ ಉರಿದು ಬಿದ್ದಾಗ, ಸ್ಥಳದಲ್ಲಿದ್ದ ರೇಡಿಯೋ ವರದಿಗಾರನ ಗಂಟಲು ಕಟ್ಟಿಹೋಗಿತ್ತು. ರೀಡಿಕ್‌ಗೆ ಬೇಕಾಗಿದ್ದದ್ದು ಆ ಕಟ್ಟಿದ ಗಂಟಲು.

ನಾಟಕದಲ್ಲಿ ಬೆಂಕಿಯ ಕಿರಣ ಹೊಲದ ಮೇಲೆ ಹರಿಯುತ್ತದೆ. ಜನ ಕಿರುಚುತ್ತಾರೆ. ವರದಿಗಾರ ವಾಕ್ಯದ ಮಧ್ಯದಲ್ಲೇ ನಿಲ್ಲುತ್ತಾನೆ. ಆಮೇಲೆ ಏನೂ ಇಲ್ಲ. ಸದ್ದೇ ಇಲ್ಲ. ರೇಡಿಯೋದಲ್ಲಿ ಎರಡು ಸೆಕೆಂಡ್ ಮೌನವಾದರೂ ಏನೋ ಕೆಟ್ಟಿದೆ ಅನ್ನಿಸುತ್ತದೆ. ವೆಲ್ಸ್ ಅದನ್ನು ಬೇಕಂತಲೇ ಎಳೆದರು. ಇಡೀ ನಾಟಕದಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಜಾಗ ಅದೊಂದೇ.

ಹಾಗಂತ ಕೇಳುಗರನ್ನು ಕತ್ತಲಲ್ಲಿ ಇಟ್ಟಿರಲಿಲ್ಲ. ಇದು ನಾಟಕ ಎಂದು ಶುರುವಿನಲ್ಲೇ ಹೇಳಿದ್ದರು. ಮಧ್ಯದಲ್ಲಿ ಹೇಳಿದರು. ಕೊನೆಯಲ್ಲಿ ಸ್ವತಃ ವೆಲ್ಸ್ ಬಂದು, ನಾಳೆ ಹ್ಯಾಲೊವೀನ್, ಬಿಳಿ ಬಟ್ಟೆ ಹೊದ್ದು ಮರೆಯಿಂದ ಹಾರಿ ಹೆದರಿಸುವ ಆಟವನ್ನೇ ನಾವೂ ಆಡಿದೆವು ಎಂಬ ಅರ್ಥದಲ್ಲಿ ಮಾತಾಡಿದರು. ಪ್ರಸಾರಕ್ಕೆ ಮೊದಲೇ ಸಿಬಿಎಸ್‌ನವರು ಹಲವು ನಿಜವಾದ ಹೆಸರುಗಳನ್ನು ಬದಲಾಯಿಸಿದ್ದರು. ಇನ್ನೊಂದು ವಿಷಯ. ಮಂಗಳದಲ್ಲಿ ಸ್ಫೋಟ, ಅಲ್ಲಿಂದ ಭೂಮಿಗೆ ಪ್ರಯಾಣ, ಇಳಿದದ್ದು, ಸೈನ್ಯ ಸೋತದ್ದು, ನ್ಯೂಯಾರ್ಕ್ ನಾಶವಾದದ್ದು, ಇಷ್ಟೂ ಸುಮಾರು 40 ನಿಮಿಷದಲ್ಲಿ ಮುಗಿಯುತ್ತದೆ. ಗೋಡೆಯ ಗಡಿಯಾರ ನೋಡಿದ್ದರೆ ಸಾಕಿತ್ತು.

ತೊಂದರೆ ಆದದ್ದು ತಡವಾಗಿ ರೇಡಿಯೋ ಹಚ್ಚಿದವರಿಗೆ. ಶುರುವಿನ ಮಾತು ಅವರಿಗೆ ತಪ್ಪಿತ್ತು. ಕಾರ್ಯಕ್ರಮಕ್ಕೆ ಪ್ರಾಯೋಜಕರೂ ಇರಲಿಲ್ಲ. ಹಾಗಾಗಿ ಜಾಹೀರಾತು ಬಂದು ಭ್ರಮೆ ಒಡೆಯುವ ಸಂದರ್ಭವೂ ಇರಲಿಲ್ಲ. ಮೊದಲ ವಿರಾಮ ಬರುವುದಕ್ಕೇ ಆ 40 ನಿಮಿಷ ಕಳೆದಿತ್ತು.

ಹೆದರಿದವರು

ಹೆದರಿದವರು ಇದ್ದರು. ಅದನ್ನು ಅಲ್ಲಗಳೆಯುವುದೂ ಇನ್ನೊಂದು ಕಟ್ಟುಕತೆ ಆಗುತ್ತದೆ. ಒಬ್ಬ ಮನುಷ್ಯ ಬರೆದ ಪತ್ರ ಉಳಿದಿದೆ. ಊರು ಬಿಡುವುದೇ ವಾಸಿ ಅನ್ನಿಸಿ, ಕೂಡಿಟ್ಟಿದ್ದರಲ್ಲಿ 3 ಡಾಲರ್ 25 ಸೆಂಟ್ ತೆಗೆದು ಟಿಕೆಟ್ ಕೊಂಡನಂತೆ. ಅರವತ್ತು ಮೈಲಿ ಹೋದ ಮೇಲೆ ಅದು ನಾಟಕ ಎಂದು ಗೊತ್ತಾಯಿತು. ಆ ದುಡ್ಡು ಬೂಟಿಗೆಂದು ಕೂಡಿಟ್ಟದ್ದು. ದಯವಿಟ್ಟು ಒಂದು ಜೊತೆ ಕಪ್ಪು ಬೂಟು ಕಳಿಸಿಕೊಡಿ ಎಂದು ಕೇಳಿಕೊಂಡಿದ್ದಾನೆ. ಅಳತೆಯನ್ನೂ ಬರೆದಿದ್ದಾನೆ: 9ಬಿ.

ಇಂಥವರನ್ನು ದಡ್ಡರು ಎಂದು ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಹಿಂದಿನ ತಿಂಗಳು ನೋಡಿ. 1938ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್ ಬಿಕ್ಕಟ್ಟು: ಚೆಕೊಸ್ಲೊವಾಕಿಯದ ಒಂದು ಭಾಗ ಬೇಕೆಂದು ಹಿಟ್ಲರ್ ಪಟ್ಟು ಹಿಡಿದಿದ್ದ. ಯುರೋಪ್ ಯುದ್ಧದ ಬಾಗಿಲಲ್ಲಿ ನಿಂತಿತ್ತು. ಹಾಡು ನಿಲ್ಲಿಸಿ, ನಾಟಕ ನಿಲ್ಲಿಸಿ, 'ಈಗಷ್ಟೇ ಬಂದ ಸುದ್ದಿ' ಎಂದು ರೇಡಿಯೋ ಹೇಳುತ್ತಲೇ ಇತ್ತು. ಜನ ಅದಕ್ಕೆ ಒಗ್ಗಿಹೋಗಿದ್ದರು. ಕಾರ್ಯಕ್ರಮದ ಮಧ್ಯೆ ತೂರಿ ಬರುವ ಮಾತು ಸುಳ್ಳಾಗುವುದಿಲ್ಲ ಅನ್ನುವುದನ್ನು ಅವರಿಗೆ ಕಲಿಸಿದ್ದೇ ರೇಡಿಯೋ. ವೆಲ್ಸ್ ಆ ರೂಪವನ್ನೇ ಎರವಲು ಪಡೆದರು. ಹೆದರಿದವರಲ್ಲಿ ಎಷ್ಟೋ ಜನ ಮಂಗಳದವರನ್ನು ನಂಬಿರಲೇ ಇಲ್ಲ. ಅರ್ಧಂಬರ್ಧ ಕೇಳಿದವರು ಜರ್ಮನ್ನರು ಬಂದರು ಅಂದುಕೊಂಡರು. ಕೆಲವರು ವಿಷಾನಿಲದ ದಾಳಿ ಅಂದುಕೊಂಡರು. 1938ರಲ್ಲಿ ಅದು ಹುಚ್ಚು ಯೋಚನೆ ಏನಲ್ಲ, ಅಲ್ವಾ?

ವಾಷಿಂಗ್ಟನ್ ರಾಜ್ಯದ ಕಾಂಕ್ರೀಟ್ ಅನ್ನುವ ಸಣ್ಣ ಊರಿನಲ್ಲಂತೂ ನಾಟಕ ನಡೆಯುತ್ತಿರುವಾಗಲೇ ಕರೆಂಟ್ ಹೋಯಿತು. ಅಲ್ಲಿಯವರು ಗಾಬರಿಯಾಗದೆ ಇನ್ನೇನು ಮಾಡಬೇಕಿತ್ತು?

ಇನ್ನು ಟೆಲಿಫೋನ್. ಪೊಲೀಸ್ ಠಾಣೆಗೆ, ಪೇಪರ್ ಆಫೀಸಿಗೆ, ರೇಡಿಯೋ ಕೇಂದ್ರಕ್ಕೆ ಕರೆಗಳ ಸುರಿಮಳೆ ಆದದ್ದು ನಿಜ. ನ್ಯೂಜೆರ್ಸಿಯ ಕೆಲವು ಕಡೆ ಲೈನ್ ಸಿಗುವುದೇ ಕಷ್ಟವಾಯಿತು. ಗಾಬರಿಗೆ ಇದಕ್ಕಿಂತ ಪುರಾವೆ ಬೇಕೇ ಎಂದು ಪೇಪರುಗಳು ಬರೆದವು. ನನಗೆ ಇದು ಉಲ್ಟಾ ಕಾಣಿಸುತ್ತದೆ. ದಿಕ್ಕೆಟ್ಟು ಓಡುವವನು ಫೋನ್ ಎತ್ತಿ 'ಸ್ವಾಮಿ, ಇದು ನಿಜಾನಾ?' ಎಂದು ಕೇಳುತ್ತಾನಾ? ಆ ಕರೆಗಳಲ್ಲಿ ಬಹುಪಾಲು ವಿಚಾರಿಸುವ ಕರೆಗಳು. ಒಂದು ಕಡೆಯಿಂದ ಬಂದ ಸುದ್ದಿಯನ್ನು ಇನ್ನೊಂದು ಕಡೆ ಕೇಳಿ ಖಾತ್ರಿ ಮಾಡಿಕೊಳ್ಳುವುದಕ್ಕಿಂತ ವಿವೇಕದ ಕೆಲಸ ಯಾವುದಿದೆ? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಭೂವಿಜ್ಞಾನಿಗಳು ಉಲ್ಕೆ ಬಿದ್ದಿದೆ ಅನ್ನುವ ಮಾತು ಕೇಳಿ ಆ ಕತ್ತಲಲ್ಲೇ ಹುಡುಕಲು ಹೊರಟರು. ಅವರಿಗೆ ಉಲ್ಕೆ ಸಿಗಲಿಲ್ಲ. ತಮ್ಮ ಹಾಗೆಯೇ ಹುಡುಕುತ್ತಿದ್ದವರು ಸಿಕ್ಕರು. ಅವರು ಓಡಿದ್ದೂ ನಿಜ. ಆದರೆ ಓಡಿದ್ದು ಅಪಾಯದ ಕಡೆಗೆ.

ಬೆಳಗಿನ ಪೇಪರ್

ಅಕ್ಟೋಬರ್ 31ರ ಬೆಳಿಗ್ಗೆ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ರೇಡಿಯೋ ಕೇಳುಗರ ಗಾಬರಿಯ ಸುದ್ದಿ ಹಾಕಿತು. ದೇಶದ ತುಂಬ ಪೇಪರುಗಳು ಅದೇ ರಾಗ ಹಾಡಿದವು. ಸುದ್ದಿಸಂಸ್ಥೆಗಳು ಅಲ್ಲೊಂದು ಇಲ್ಲೊಂದು ಊರಿನ ತುಣುಕುಗಳನ್ನು ಒಟ್ಟಿಗೆ ಪೋಣಿಸಿ ಕಳಿಸಿದ್ದವು. ಯಾರೋ ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಮನೆಯಿಂದ ಹೊರಗೆ ಬಂದರು, ಯಾರಿಗೋ ಆಘಾತವಾಯಿತು, ಹೀಗೆ. ಒಂದೊಂದನ್ನೇ ನೋಡಿದರೆ ಸಣ್ಣವು. ಸಾಲಾಗಿ ಜೋಡಿಸಿದರೆ ದೇಶವೇ ಹುಚ್ಚೆದ್ದ ಹಾಗೆ ಕಾಣುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಭಾನುವಾರ ರಾತ್ರಿಯ ಪಾಳಿಯಲ್ಲಿ, ಪುಟ ಕಟ್ಟುವ ಗಡಿಬಿಡಿಯಲ್ಲಿ, ಎತ್ತು ಹೇಗೆ ಈದೀತು ಎಂದು ಕೇಳುವಷ್ಟು ಪುರುಸೊತ್ತು ಯಾರಿಗಿತ್ತು?

ಸಾವಿನ ಸುದ್ದಿಯೂ ಅಚ್ಚಾಯಿತು. ನಾಟಕದಿಂದಲೇ ಸತ್ತದ್ದು ಅನ್ನುವ ಒಂದು ಪ್ರಕರಣವೂ ಖಚಿತವಾಗಲಿಲ್ಲ. ಕೆಲವು ವಾರಗಳ ನಂತರ ನ್ಯೂಯಾರ್ಕಿನ ಆರು ಆಸ್ಪತ್ರೆಗಳನ್ನು ವಿಚಾರಿಸಿದಾಗ, ಈ ನಾಟಕದ ಕಾರಣಕ್ಕೇ ದಾಖಲಾದವರ ಲೆಕ್ಕ ಎಲ್ಲೂ ಸಿಗಲಿಲ್ಲ. ಮೊದಲ ದಿನ ಮುಖಪುಟದಲ್ಲಿ ಕುಣಿದ ಕತೆ ಎರಡು ಮೂರು ದಿನದಲ್ಲೇ ತೆಳ್ಳಗಾಯಿತು. ದೇಶದ ತುಂಬ ಜನ ನಿಜಕ್ಕೂ ಓಡಿದ್ದರೆ ವಾರಗಟ್ಟಲೆ ಬರೆಯುವಷ್ಟು ಸರಕು ಸಿಗುತ್ತಿತ್ತು. ಕೈಕಾಲು ಮುರಿದವರು, ಕಳೆದುಹೋದ ಮಕ್ಕಳು, ಗುದ್ದಿಕೊಂಡ ಕಾರುಗಳು. ಅವು ಎಲ್ಲಿ?

ಪೇಪರಿನವರಿಗೆ ರೇಡಿಯೋ ಮೇಲೆ ಹಳೇ ಸಿಟ್ಟಿತ್ತು. ಆರ್ಥಿಕ ಕುಸಿತದ ವರ್ಷಗಳಲ್ಲಿ ಪೇಪರಿಗೆ ಬರಬೇಕಿದ್ದ ಜಾಹೀರಾತಿನ ದುಡ್ಡು ರೇಡಿಯೋ ಕಡೆ ಹರಿದಿತ್ತು. ಸುದ್ದಿಯನ್ನೂ ರೇಡಿಯೋ ಮೊದಲೇ ಹೇಳಿಬಿಡುತ್ತಿತ್ತು. 1933ರಲ್ಲಿ ಬಿಲ್ಟ್‌ಮೋರ್ ಒಪ್ಪಂದ ಎಂದು ಮಾಡಿಸಿ, ದಿನಕ್ಕೆ ಐದೈದು ನಿಮಿಷದ ಎರಡೇ ವಾರ್ತೆ ಎಂದು ರೇಡಿಯೋ ಬಾಯಿ ಕಟ್ಟಲು ನೋಡಿದ್ದರು. ಅದು ಬಹಳ ದಿನ ನಿಲ್ಲಲಿಲ್ಲ. ಇಂಥ ಹೊತ್ತಿನಲ್ಲಿ ರೇಡಿಯೋ ತಾನಾಗಿಯೇ ಎಡವಿ ಬಿತ್ತು. ಇಷ್ಟು ಬೇಜವಾಬ್ದಾರಿಯ ಮಾಧ್ಯಮವನ್ನು ನಂಬಬಹುದೇ ಎಂದು ಸಂಪಾದಕೀಯಗಳು ಬಂದವು. ಪೇಪರಿನವರು ಕೂತು ಸಂಚು ಮಾಡಿದರು ಅಂತ ನಾನು ಹೇಳುವುದಿಲ್ಲ. ಅಂಥ ಸಂಚು ಬೇಕಾಗಿಯೂ ಇರಲಿಲ್ಲ. ನಮಗೆ ಆಗದವರ ಬಗ್ಗೆ ಬಂದ ಸುದ್ದಿಯನ್ನು ನಾವು ಎರಡನೇ ಸಲ ಪರೀಕ್ಷೆ ಮಾಡುವುದಿಲ್ಲ, ಅಷ್ಟೇ.

ಹನ್ನೆರಡು ಲಕ್ಷ ಎಂಬ ಲೆಕ್ಕ

ಪೇಪರಿನ ಕತೆ ಪೇಪರಿನಲ್ಲೇ ಸಾಯಬಹುದಿತ್ತು. ಅದಕ್ಕೆ ಆಯುಷ್ಯ ಕೊಟ್ಟದ್ದು ಒಂದು ಸಂಶೋಧನೆ. ಪ್ರಿನ್ಸ್‌ಟನ್‌ನ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ 1940ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ ಹೀಗಿದೆ: ನಾಟಕ ಕೇಳಿದವರು 60 ಲಕ್ಷ, ಅದರಲ್ಲಿ ಹೆದರಿದವರು ಸುಮಾರು 12 ಲಕ್ಷ.

ಈ ಅಂಕಿಯ ಒಳಗೆ ಇಳಿದು ನೋಡಬೇಕು. ಜನರನ್ನು ಕೇಳಿದ ಮುಖ್ಯ ಸಮೀಕ್ಷೆ ನಡೆದದ್ದು ಪ್ರಸಾರವಾಗಿ ಸುಮಾರು ಆರು ವಾರದ ಮೇಲೆ. ಅಷ್ಟು ಹೊತ್ತಿಗೆ ಆ ನಾಟಕ ದೇಶದ ಮನೆಮಾತಾಗಿತ್ತು. ನೀವು ಕೇಳಿದ್ರಾ ಎಂದರೆ, ಕೇಳದವರೂ ಹೂಂ ಅನ್ನುವ ಆಸೆ ಹುಟ್ಟುವ ಕಾಲ ಅದು. ಎರಡನೆಯದು, 'ಹೆದರಿದೆ', 'ಕಸಿವಿಸಿಯಾಯಿತು', 'ರೋಮಾಂಚನವಾಯಿತು' ಎಂದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದರು. ಒಳ್ಳೆಯ ನಾಟಕ ಕೇಳಿ ರೋಮಾಂಚನವಾದರೆ ಅದು ನಾಟಕದ ಗೆಲುವು, ದೇಶದ ಗಾಬರಿ ಅಲ್ಲ. ಮೂರನೆಯದು, ಕೂರಿಸಿಕೊಂಡು ವಿವರವಾಗಿ ಮಾತಾಡಿಸಿದ್ದು 135 ಜನರನ್ನು. ಅವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಆರಿಸಿದ್ದೇ ಅವರು ಹೆದರಿದ್ದರು ಎಂದು ಮೊದಲೇ ಗೊತ್ತಿದ್ದ ಕಾರಣಕ್ಕೆ. ಹೆದರಿದವರು ಹೇಗೆ ಹೆದರಿದರು ಎಂದು ತಿಳಿಯಲು ಇದು ಸರಿಯಾದ ದಾರಿ. ಎಷ್ಟು ಜನ ಹೆದರಿದರು ಎಂದು ತಿಳಿಯಲು ಅಲ್ಲ.

ಕ್ಯಾಂಟ್ರಿಲ್ ಲೆಕ್ಕವನ್ನೇ ಒಪ್ಪಿದರೂ ಕೇಳಿದ ಐವರಲ್ಲಿ ನಾಲ್ವರಿಗೆ ಏನೂ ಆಗಲಿಲ್ಲ. ಅಧ್ಯಯನದ ಒಳ್ಳೆಯ ಭಾಗ ಇರುವುದೂ ಅಲ್ಲಿಯೇ. ಯಾರು ಬೇರೆ ಸ್ಟೇಷನ್ ತಿರುಗಿಸಿ ನೋಡಿದರು, ಯಾರು ಪೇಪರಿನಲ್ಲಿ ಕಾರ್ಯಕ್ರಮದ ಪಟ್ಟಿ ತೆಗೆದು ನೋಡಿದರು, ಯಾರು ಕಿಟಕಿಯಿಂದ ಹೊರಗೆ ಇಣುಕಿದರು ಎಂದು ಅವರು ಬಿಡಿಸಿ ಬರೆದಿದ್ದಾರೆ. ಕಿಟಕಿಯಿಂದ ನೋಡಿದವರಲ್ಲೂ ತಮಾಷೆ ಇದೆ. ರಸ್ತೆ ಖಾಲಿ ಇದ್ದರೆ 'ಎಲ್ಲರೂ ಸತ್ತಿರಬೇಕು' ಅನ್ನಿಸುತ್ತದೆ, ಕಾರು ತುಂಬಿದ್ದರೆ 'ಎಲ್ಲರೂ ಓಡುತ್ತಿದ್ದಾರೆ' ಅನ್ನಿಸುತ್ತದೆ. ಒಮ್ಮೆ ಭಯ ಹೊಕ್ಕರೆ ಎರಡೂ ಸಾಕ್ಷಿಯೇ. ಆದರೆ ಪಠ್ಯಪುಸ್ತಕಗಳು ಇದನ್ನೆಲ್ಲ ಬಿಟ್ಟು 12 ಲಕ್ಷವನ್ನು ಮಾತ್ರ ಎತ್ತಿಕೊಂಡವು. ಸೂಜಿ ಚುಚ್ಚಿದ ಹಾಗೆ ಮಾಧ್ಯಮ ಜನರ ತಲೆಗೆ ಏನು ಬೇಕಾದರೂ ಇಳಿಸುತ್ತದೆ ಅನ್ನುವ ವಾದಕ್ಕೆ ಇದೇ ಪುರಾವೆಯಾಗಿ ಕೂತಿತು.

ಎಲ್ಲರಿಗೂ ಬೇಕಾದ ಕತೆ

ಯಾರಿಗೂ ಬೇಡದ ಸುಳ್ಳು ಹೆಚ್ಚು ದಿನ ಬದುಕುವುದಿಲ್ಲ. ಇದು ಬೇಕಾದವರಿಗೆ ಲೆಕ್ಕವೇ ಇರಲಿಲ್ಲ. ಪೇಪರಿನವರ ವಿಷಯ ಹೇಳಿದ್ದಾಯಿತು. ವೆಲ್ಸ್ ಮರುದಿನ ಪತ್ರಕರ್ತರ ಮುಂದೆ ಸೋತ ಮುಖ ಹೊತ್ತು ಕ್ಷಮೆ ಕೇಳಿದರು. ಆದರೆ ಅದುವರೆಗೆ ಪ್ರಾಯೋಜಕರೇ ಇಲ್ಲದ ಅವರ ಕಾರ್ಯಕ್ರಮಕ್ಕೆ ಡಿಸೆಂಬರ್ ಹೊತ್ತಿಗೆ ಕ್ಯಾಂಪ್‌ಬೆಲ್ ಸೂಪ್ ಕಂಪನಿ ಬಂದು ನಿಂತಿತು. ವರ್ಷಗಳು ಕಳೆದ ಹಾಗೆ ಕ್ಷಮೆ ಕರಗಿ, ಎಲ್ಲ ಗೊತ್ತಿದ್ದೇ ಮಾಡಿದೆವು ಅನ್ನುವ ಧಾಟಿ ಬಂತು. ಪ್ರತಿ ಸಲ ಹೇಳಿದಾಗಲೂ ಕತೆಗೆ ಒಂದಿಷ್ಟು ಉಪ್ಪು ಖಾರ ಜಾಸ್ತಿಯಾಯಿತು. ಒಂದು ಗಂಟೆಯಲ್ಲಿ ದೇಶ ನಡುಗಿಸಿದವನು ಅನ್ನಿಸಿಕೊಳ್ಳಲು ಯಾವ ಕಲಾವಿದನಿಗೆ ಆಸೆ ಇರುವುದಿಲ್ಲ?

ರೇಡಿಯೋ ಕಂಪನಿಗಳಿಗೆ ಇದು ವಿಚಿತ್ರ ಸಂಕಟ. ಬಾಯಲ್ಲಿ ತಪ್ಪಾಯಿತು ಅನ್ನಬೇಕು. ಮನಸ್ಸಿನಲ್ಲಿ ಲೆಕ್ಕ ಬೇರೆ. ಇಲ್ಲದ ಮಂಗಳದವರನ್ನೇ ಜನ ನಂಬುವ ಹಾಗೆ ಮಾಡಬಲ್ಲ ಪೆಟ್ಟಿಗೆ ಸೋಪು ಮಾರಲಾರದೇ? ಸಂಶೋಧಕರಿಗೂ ಹಾಗೆಯೇ. ಮಾಧ್ಯಮ ಅಪಾಯಕಾರಿ ಅಂದರೆ ತಾನೇ ಮಾಧ್ಯಮದ ಅಧ್ಯಯನಕ್ಕೆ ಬೆಲೆ.

ಮತ್ತೆ ನಾವು? ನಮಗೆ ಇದರಲ್ಲಿ ನಯಾಪೈಸೆ ಲಾಭವಿಲ್ಲ, ಆದರೂ ಹೇಳಿಕೊಂಡು ತಿರುಗುತ್ತೇವೆ. 1983ರಲ್ಲಿ ಡಬ್ಲ್ಯೂ. ಫಿಲಿಪ್ಸ್ ಡೇವಿಸನ್ ಎಂಬ ಸಮಾಜಶಾಸ್ತ್ರಜ್ಞ ಇದಕ್ಕೊಂದು ಹೆಸರು ಕೊಟ್ಟರು, ಮೂರನೆಯವರ ಪರಿಣಾಮ ಎಂದು. ಮಾಧ್ಯಮ ನನ್ನ ಮೇಲೆ ಅಷ್ಟಾಗಿ ಪರಿಣಾಮ ಮಾಡುವುದಿಲ್ಲ, ಬೇರೆಯವರ ಮೇಲೆ ಬಹಳ ಮಾಡುತ್ತದೆ ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರಂತೆ. 1938ರ ಕತೆ ಈ ನಂಬಿಕೆಗೆ ಹೇಳಿ ಮಾಡಿಸಿದ ಹಾಗಿದೆ. ಅದನ್ನು ಹೇಳುವವನು ಎಂದೂ ಓಡಿದವನಲ್ಲ. ಓಡಿದವರು ಯಾರೋ ಹಳೇ ಕಾಲದ ಮುಗ್ಧರು. ಸಿನಿಮಾ ಬಗ್ಗೆಯೂ ಇಂಥದ್ದೇ ಕತೆ ಇದೆ. ಪ್ಯಾರಿಸ್‌ನಲ್ಲಿ ಲೂಮಿಯೇರ್ ಸಹೋದರರ ತೆರೆಯ ಮೇಲೆ ರೈಲು ಬಂದಾಗ ಪ್ರೇಕ್ಷಕರು ಎದ್ದು ಓಡಿದರು ಅನ್ನುವುದು. ಹಾಗೆ ಓಡಿದ್ದಕ್ಕೂ ಆ ಕಾಲದ ಗಟ್ಟಿ ಸಾಕ್ಷಿ ಸಿಕ್ಕಿಲ್ಲ. ಪ್ರತಿ ಹೊಸ ಮಾಧ್ಯಮಕ್ಕೂ ಓಡುವ ಜನ ಬೇಕು. ಇಲ್ಲದಿದ್ದರೆ ನಾವು ಕಟ್ಟಿಕೊಡುತ್ತೇವೆ.

ಕೀಟೋದಲ್ಲಿ ಆದದ್ದು

ನನ್ನ ವಾದಕ್ಕೆ ಒಪ್ಪದ ಪ್ರಕರಣವೂ ಇದೆ, ಅದನ್ನು ಬಚ್ಚಿಡುವುದಿಲ್ಲ. 1949ರ ಫೆಬ್ರವರಿಯಲ್ಲಿ ಎಕ್ವಡಾರ್ ದೇಶದ ಕೀಟೋ ನಗರದಲ್ಲಿ ಇದೇ ನಾಟಕವನ್ನು ಸ್ಪ್ಯಾನಿಷ್‌ನಲ್ಲಿ, ಸ್ಥಳೀಯ ಹೆಸರುಗಳನ್ನು ಹಾಕಿ ಪ್ರಸಾರ ಮಾಡಿದರು. ಅಲ್ಲಿ ಜನ ನಿಜಕ್ಕೂ ಬೀದಿಗೆ ಬಂದರು. ಇದು ನಾಟಕ ಎಂದು ಗೊತ್ತಾದ ಮೇಲೆ ರೇಡಿಯೋ ಕೇಂದ್ರ ಇದ್ದ ಕಟ್ಟಡಕ್ಕೇ ಬೆಂಕಿ ಹಚ್ಚಿದರು. ಎಲ್ ಕೊಮೆರ್ಸಿಯೋ ಪತ್ರಿಕೆಯೂ ಅದೇ ಕಟ್ಟಡದಲ್ಲಿತ್ತು. ಬೆಂಕಿಯಲ್ಲಿ ಜನ ಸತ್ತರು.

ಹಾಗಾದರೆ ರೇಡಿಯೋಗೆ ಆ ಶಕ್ತಿ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲಿ. ಆದರೆ ಕೀಟೋದಲ್ಲಿ ಜೀವ ಹೋದದ್ದು ಸುಳ್ಳನ್ನು ನಂಬಿದಾಗಲ್ಲ, ಸುಳ್ಳು ಎಂದು ತಿಳಿದಾಗ. ಅದು ಭಯವಲ್ಲ, ಮೋಸ ಹೋದವರ ಕೋಪ. ಆ ಕೋಪದಲ್ಲಿ ಅವರಿಗೆ ಕಂಡದ್ದು ರೇಡಿಯೋದ ಶಕ್ತಿಯಲ್ಲ, ಅದರ ಕಟ್ಟಡದ ವಿಳಾಸ. 2020ರಲ್ಲಿ ಕೊರೋನಾಕ್ಕೂ 5ಜಿಗೂ ಸಂಬಂಧ ಇದೆ ಎಂದು ನಂಬಿ ಬ್ರಿಟನ್‌ನಲ್ಲಿ ಮೊಬೈಲ್ ಟವರ್‌ಗಳಿಗೆ ಬೆಂಕಿ ಇಟ್ಟವರನ್ನು ನೋಡಿದಾಗ ನನಗೆ ನೆನಪಾದದ್ದು ನ್ಯೂಜೆರ್ಸಿ ಅಲ್ಲ, ಕೀಟೋ. ಮನೆಯೊಳಗೆ ಸಿಕ್ಕಿಬಿದ್ದ ಜನ, ಯಾರ ಮಾತನ್ನೂ ನಂಬದ ಮನಸ್ಸು, ಕಣ್ಣಿಗೆ ಕಾಣದ ರೋಗ. ಕಣ್ಣಿಗೆ ಕಾಣುತ್ತಿದ್ದದ್ದು ಟವರ್ ಒಂದೇ.

ಇತ್ತ ಅಮೆರಿಕದಲ್ಲಿ ವಿಷಯ ಮೆತ್ತಗೆ ಮುಗಿದಿತ್ತು. ರೇಡಿಯೋ ಮೇಲೆ ಹಿಡಿತ ಬಿಗಿಮಾಡಿ ಎಂದು ಕೂಗು ಎದ್ದರೂ ಸರ್ಕಾರದ ಸಂಪರ್ಕ ಆಯೋಗ ಯಾರ ಮೇಲೂ ಕ್ರಮ ಕೈಗೊಳ್ಳಲಿಲ್ಲ. ಕಟ್ಟುಕತೆಯ ಫ್ಯಾನುಗಳು ಗ್ರೋವರ್ಸ್ ಮಿಲ್‌ಗೆ ಬರುವುದು ಮಾತ್ರ ನಿಂತಿಲ್ಲ. ಅಲ್ಲೊಂದು ಹಳೇ ನೀರಿನ ಟ್ಯಾಂಕ್ ಇದೆ. ಮಂಗಳದವರ ಯಂತ್ರ ಅಂದುಕೊಂಡು ಅದಕ್ಕೆ ಆ ರಾತ್ರಿ ಗುಂಡು ಹೊಡೆದರು ಎಂದು ಹೇಳುತ್ತಾರೆ. ಐವತ್ತು ವರ್ಷ ತುಂಬಿದಾಗ, 1988ರಲ್ಲಿ, ಊರಿನ ಪಾರ್ಕಿನಲ್ಲಿ ಒಂದು ಕಂಚಿನ ಸ್ಮಾರಕವನ್ನೂ ನಿಲ್ಲಿಸಿದರು. ಅದರ ಮೇಲೆ ಮಂಗಳದವರ ಯಂತ್ರವಿದೆ, ಮೈಕ್ ಮುಂದೆ ವೆಲ್ಸ್ ಇದ್ದಾರೆ. ಒಂದು ಕುಟುಂಬವೂ ಇದೆ. ಅವರು ಕೂತಿರುವುದು ರೇಡಿಯೋ ಪಕ್ಕದಲ್ಲೇ.